ಚಿರತೆ ಇದೆ, ಎಚ್ಚರಿಕೆ

ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಡಗ್ಲಸ್ ಆಡಮ್ಸ್ ಬರೆದ ಇಂಗ್ಲಿಷ್ ಹಾಸ್ಯ ಕಾದಂಬರಿ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಸಿಕ್ಕಿತು. ಇಪ್ಪತ್ತು ವರ್ಷದ ಹಿಂದೆ ಅವೆನ್ಯೂ ರೋಡಿನಲ್ಲಿ 40 ರೂಪಾಯಿಗೆ ಕೊಂಡ ಹಳೇ ಪ್ರತಿ. ರಟ್ಟು ಕಿತ್ತುಬಂದಿದೆ. ಧೂಳು ಒರೆಸಿ ಸುಮ್ನೆ ಒಂದು ಪುಟ ನೋಡೋಣ ಅಂತ ಕೂತವನು ಅರ್ಧ ಪುಸ್ತಕ ಮುಗಿಸಿ ಎದ್ದೆ. ಅಟ್ಟ ಇನ್ನೂ ಹಾಗೇ ಇದೆ.

ಆಗ ಹಾಸ್ಟೆಲಿನಲ್ಲಿ ನಮಗೆ ಹುಚ್ಚು ಹಿಡಿಸಿದ್ದು 42. ಒಂದು ಮಹಾ ಕಂಪ್ಯೂಟರ್ 75 ಲಕ್ಷ ವರ್ಷ ಲೆಕ್ಕ ಹಾಕಿ, ಬದುಕು, ಬ್ರಹ್ಮಾಂಡ ಎಲ್ಲದಕ್ಕೂ ಸೇರಿಸಿ ಕೊಡುವ ಉತ್ತರ. ಪ್ರಶ್ನೆ ಏನು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ! ಮೆಸ್ ಬಿಲ್ ಎಷ್ಟು ಅಂದ್ರೂ ನಾವು 42 ಅನ್ನುತ್ತಿದ್ದೆವು. ಈ ಸಲ ಆ ಜಾಗ ಬಂದಾಗ ನಗು ಬರಲಿಲ್ಲ. ಆಡಮ್ಸ್ ತಪ್ಪಲ್ಲ, ನಾವೇ ಆ ಜೋಕನ್ನು ಜಗಿದು ಜಗಿದು ಸಿಪ್ಪೆ ಮಾಡಿಟ್ಟಿದ್ದೇವೆ.

ಸಿಕ್ಕಿಬಿದ್ದದ್ದು ಮೊದಲ ಅಧ್ಯಾಯದಲ್ಲೇ. ಕಥಾನಾಯಕ ಆರ್ಥರ್ ಡೆಂಟ್ ಬೆಳಿಗ್ಗೆ ಎದ್ದರೆ ಮನೆ ಮುಂದೆ ಹಳದಿ ಬುಲ್ಡೋಜರ್. ಬೈಪಾಸ್ ಬರುತ್ತಂತೆ. ಅವನು ಹೋಗಿ ಕೆಸರಿನಲ್ಲಿ ಮಲಗುತ್ತಾನೆ. ಪ್ಲಾನ್ ಪ್ರದರ್ಶನಕ್ಕೆ ಇಟ್ಟಿದ್ವಲ್ಲ ಅನ್ನುತ್ತಾನೆ ಕೌನ್ಸಿಲ್‌ನವನು. ಎಲ್ಲಿ? ನೆಲಮಾಳಿಗೆಯಲ್ಲಿ, ಬಳಕೆ ತಪ್ಪಿದ ಕಕ್ಕಸಿನೊಳಗೆ, ಬೀಗ ಹಾಕಿದ ಫೈಲ್ ಕಪಾಟಿನ ತಳದಲ್ಲಿ. ಬಾಗಿಲ ಮೇಲೆ ಬೋರ್ಡು: ಚಿರತೆ ಇದೆ, ಎಚ್ಚರಿಕೆ. (ಇಂಗ್ಲೆಂಡಿನವರಿಗೆ ಇದು ಬರೀ ತಮಾಷೆ. ನಮ್ಮ ಕಡೆ ಚಿರತೆ ನಿಜವಾಗಿಯೂ ಇರಬಹುದು.)

ಇಪ್ಪತ್ತರ ವಯಸ್ಸಿನಲ್ಲಿ ಇದನ್ನು ಓದಿ ನಕ್ಕು ಮುಂದೆ ಹೋಗಿದ್ದೆ. ನಡುವೆ ನಮ್ಮೂರ ಮನೆಗೂ ರಸ್ತೆ ಅಗಲೀಕರಣ ಬಂತು. ಒಂದು ದಿನ ಕಾಂಪೌಂಡಿನ ಮೇಲೆ ಕೆಂಪು ಬಣ್ಣದ ಗೆರೆ. ಅಪ್ಪನನ್ನು ಕರಕೊಂಡು ಆಫೀಸಿಗೆ ಹೋದರೆ, ‘ನೋಟಿಸ್ ಬೋರ್ಡಿಗೆ ಹಾಕಿದ್ವಲ್ಲ ಸಾರ್’ ಅಂದರು. ಬೋರ್ಡಿನ ಮುಂದೆ ನೀರಿನ ಖಾಲಿ ಕ್ಯಾನುಗಳನ್ನು ಎದೆಮಟ್ಟ ಪೇರಿಸಿದ್ದರು. ಸರಿಸಿ ನೋಡಿದೆ, ಹೌದು, ಇತ್ತು. ತಕರಾರು ಸಲ್ಲಿಸುವ ಕೊನೇ ದಿನ ದಾಟಿ 11 ದಿನ ಆಗಿತ್ತು. ಮನೆ ಉಳಿಯಿತು, ಕಾಂಪೌಂಡೂ ಪಾರಿಜಾತದ ಗಿಡವೂ ಹೋದವು.

ಆಡಮ್ಸ್ ಇದನ್ನು ಅಲ್ಲಿಗೇ ಬಿಡುವುದಿಲ್ಲ. ಆರ್ಥರ್‌ನ ಮನೆ ಕೆಡವಿದ ಸ್ವಲ್ಪ ಹೊತ್ತಿಗೆ ವೋಗನ್ನರು ಅನ್ನುವ ಅನ್ಯಗ್ರಹದವರು ಬಂದು ಇಡೀ ಭೂಮಿಯನ್ನೇ ಕೆಡವುತ್ತಾರೆ. ಅದೂ ರಸ್ತೆಗಾಗಿಯೇ, ಬಾಹ್ಯಾಕಾಶದ ಎಕ್ಸ್‌ಪ್ರೆಸ್‌ವೇ. ಜನ ಬಾಯಿ ಬಡಕೊಂಡರೆ ಅದೇ ಉತ್ತರ: ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ 50 ವರ್ಷದಿಂದ ಪ್ಲಾನ್ ಇಟ್ಟಿದ್ವಲ್ಲ! ಬರೀ ನಾಲ್ಕು ಜ್ಯೋತಿರ್ವರ್ಷ ದೂರ, ನಿಮಗೇ ಆಸಕ್ತಿ ಇಲ್ಲದಿದ್ದರೆ ನಾವೇನು ಮಾಡೋಣ? ವೋಗನ್ನರು ದುಷ್ಟರಲ್ಲ, ಗುಮಾಸ್ತರು. ಆಗ ನನಗೆ ಅವರು ಕಾರ್ಟೂನ್ ಥರ ಕಂಡಿದ್ದರು. ಈಗ ಅವರ ಟೇಬಲ್ಲಿನ ಸ್ಟಾಂಪ್ ಪ್ಯಾಡೂ ಕಾಣುತ್ತದೆ.

1978ರಲ್ಲಿ ಬಿಬಿಸಿ ರೇಡಿಯೋ ನಾಟಕವಾಗಿ ಶುರುವಾಗಿ, ಮಾರನೇ ವರ್ಷ ಕಾದಂಬರಿಯಾದದ್ದು ಇದು. ಮಾತಿನ ಓಟ ಚೆನ್ನಾಗಿದೆ, ಕಥೆ ಸಡಿಲ, ಕೊನೆಯಂತೂ ಕತ್ತರಿಸಿಟ್ಟ ಹಾಗಿದೆ. ಕಥೆಯ ಒಬ್ಬಳೇ ಮುಖ್ಯ ಹೆಣ್ಣು ಟ್ರಿಲಿಯನ್ ಓದಿದವಳು, ಬುದ್ಧಿವಂತೆ, ಆದರೆ ಅವಳಿಗೆ ಮಾಡಲು ಕೆಲಸವೇ ಇಲ್ಲ. ಆಗ ಇದು ಕಣ್ಣಿಗೇ ಬಿದ್ದಿರಲಿಲ್ಲ, ಈಗ ಜಾಸ್ತಿನೇ ಚುಚ್ಚಿತು. ಅಂತರಿಕ್ಷ ನೌಕೆಯಲ್ಲಿ ತೆರೆದು ಮುಚ್ಚುವಾಗಲೆಲ್ಲ ಖುಷಿಯಿಂದ ನಿಟ್ಟುಸಿರು ಬಿಡುವ ಬಾಗಿಲುಗಳಿವೆಯಲ್ಲ, ಅವು ಮಾತ್ರ ಹಳೆಯದಾಗಿಲ್ಲ. ಹಾಲು ತರಿಸುವ ಆ್ಯಪ್ ದಿನಾ ಬೆಳಿಗ್ಗೆ ನನ್ನ ಹೆಸರು ಹಿಡಿದು ಸಂಭ್ರಮಿಸುತ್ತದೆ. ಆಗೆಲ್ಲ, ಆ ಬಾಗಿಲುಗಳ ಮುಂದೆ ಸದಾ ಮೋರೆ ಇಳಿಬಿಟ್ಟ ರೋಬಾಟ್ ಮಾರ್ವಿನ್ ನೆನಪಾಗುತ್ತಾನೆ, ಪಾಪ.

ಪಾಪ ಅಂದಾಗ ನೆನಪಾಯ್ತು. ಕಥೆಯೊಳಗೂ ಒಂದು ಗೈಡ್ ಇದೆ, ಗ್ಯಾಲಕ್ಸಿ ಸುತ್ತುವವರ ಕೈಪಿಡಿ. ಅದರಲ್ಲಿ ಭೂಮಿಯ ಬಗ್ಗೆ ಇದ್ದದ್ದು ‘ನಿರಪಾಯಕಾರಿ’ ಅಂತ ಒಂದೇ ಪದ. ಅದಕ್ಕೆ ಬರೆಯುವ, ಬೇರೆ ಗ್ರಹದಿಂದ ಬಂದ ಆರ್ಥರ್‌ನ ಗೆಳೆಯ ಫೋರ್ಡ್ 15 ವರ್ಷ ಇಲ್ಲೇ ಇದ್ದು ಅದನ್ನು ‘ಬಹುಪಾಲು ನಿರಪಾಯಕಾರಿ’ ಅಂತ ತಿದ್ದುತ್ತಾನೆ. ಕನ್ನಡದಲ್ಲಿ ನಾನಾದರೆ ‘ಹೆಚ್ಚೂಕಮ್ಮಿ ಪಾಪದ್ದು’ ಅಂತ ಬರೆಯುತ್ತಿದ್ದೆ.

ನಾನು ಒಬ್ಬನೇ ನಗುವುದು ನೋಡಿ ಅಪ್ಪ ಏನೋ ಅದು ಅಂದರು. ಬುಲ್ಡೋಜರ್, ನೆಲಮಾಳಿಗೆ, ಚಿರತೆ, ವೋಗನ್ನರು, ಎಲ್ಲ ಹೇಳಿದೆ. ಭೂಮಿ ಪುಡಿಯಾಗುವವರೆಗೂ ಅಪ್ಪ ಒಂದು ಸಲವೂ ನಗಲಿಲ್ಲ. ಕನ್ನಡಕ ತೆಗೆದು ಕೇಳಿದರು:

‘ಪರಿಹಾರ ಎಷ್ಟು ಕೊಟ್ರಂತೋ?’