ಹೋದ ವರ್ಷದ ಮದ್ದು

ಈ ಸಲ ಅಡಿಕೆ ತೋಟಕ್ಕೆ ಎರಡನೇ ಮದ್ದು ಬಿಡಲು, ಅಂದರೆ ಸಿಂಪಡಿಸಲು ಆಗಲೇ ಇಲ್ಲ. ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ ಎರಡೂ ತಂದಿಟ್ಟಾಗಿತ್ತು. ಮದ್ದು ಬಿಡುವವರು "ನಾಳೆ ಬರ್ತೇನೆ" ಅಂದಿದ್ದರು. ಆ ನಾಳೆ ಬರುವಾಗ ಇಪ್ಪತ್ತು ದಿನ ಕಳೆದಿತ್ತು, ಮಳೆ ಬಿಡುವ ಲಕ್ಷಣ ಇರಲಿಲ್ಲ. ಈಗ ಕಾಲಿಟ್ಟಲ್ಲೆಲ್ಲ ಉದುರಿದ ಎಳೆ ಅಡಿಕೆ, ಮೇಲೆ ಬಿಳಿ ಬೂಸ್ಟು. ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ ಕಂಡವರಿಗೆ ಹೇಳಬೇಕಾಗಿಲ್ಲ.

ಅದೇ ಸಿಟ್ಟಿನಲ್ಲಿ ಜಗಲಿಯಲ್ಲಿ ಕೂತಿದ್ದಾಗ ವಾಟ್ಸಾಪಿಗೆ ಒಂದು ವಿಡಿಯೋ ಬಂತು. ಮನಸ್ಸು ಶಾಂತವಾಗಿಡಲು 5 ಸೂತ್ರ. ಸೂರ್ಯೋದಯ, ಕೊಳಲು ಎಲ್ಲ ಇತ್ತು. ನಿಜ ಹೇಳ್ತೇನೆ, ಫೋನ್ ಅಂಗಳಕ್ಕೆ ಬಿಸಾಡುವಷ್ಟು ಕೋಪ ಬಂತು. ಎಲ್ಲ ಸರಿ ಇರುವಾಗ ತಣ್ಣಗಿರಲು ಸೂತ್ರ ಯಾಕೆ ಬೇಕು?

ಆಗ ನೆನಪಾದದ್ದು ನಮ್ಮ ಕಾಸರಗೋಡು ಜಿಲ್ಲೆಯವರೇ ಆದ, ರಾಮನಾಮದ ಸಂತ ಸ್ವಾಮಿ ರಾಮದಾಸರು. 1884ರಲ್ಲಿ ಹೊಸದುರ್ಗದಲ್ಲಿ, ಅಂದರೆ ಈಗಿನ ಕಾಞಂಗಾಡಿನಲ್ಲಿ ಹುಟ್ಟಿದವರು. ಮೊದಲಿನ ಹೆಸರು ವಿಠಲ ರಾವ್. ಬೊಂಬಾಯಿಯಲ್ಲಿ ಬಟ್ಟೆ ತಯಾರಿಕೆ ಕಲಿತು, ಮಿಲ್ಲುಗಳಲ್ಲಿ ದುಡಿದು, ಕೊನೆಗೆ ಮಂಗಳೂರಿನಲ್ಲಿ ಸೀರೆಗೆ ಬಣ್ಣ ಹಾಕುವ ವ್ಯಾಪಾರ ಮಾಡಿ ಸೋತವರು. ನಾಮಜಪ ಹಿಡಿದದ್ದು ಗುಹೆಯಲ್ಲಲ್ಲ. ತಲೆ ಮೇಲೆ ವ್ಯಾಪಾರದ ಚಿಂತೆ ಇರುವಾಗ. ತಂದೆ 'ಶ್ರೀರಾಮ ಜಯ ರಾಮ ಜಯ ಜಯ ರಾಮ' ಕೊಟ್ಟರು, ಇವರು ಅದರ ಮೊದಲಿಗೆ ಒಂದು 'ಓಂ' ಸೇರಿಸಿಕೊಂಡರು. ಅಷ್ಟೇ ಬಂಡವಾಳ.

1922ರ ಕೊನೆಗೆ ಮನೆ ಬಿಟ್ಟರು. ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳನ್ನು ಕಂಡು, ಅಲ್ಲಿಯ ಅರುಣಾಚಲ ಬೆಟ್ಟದ ಗುಹೆಯಲ್ಲಿ ಕೆಲವು ದಿನ ಕೂತು ಹೊರಗೆ ಬಂದಾಗ ಕಂಡದ್ದೆಲ್ಲ ರಾಮನೇ ಆಗಿ, ಮರಗಳನ್ನು ತಬ್ಬಿಕೊಂಡರಂತೆ. ಆತ್ಮಸಾಕ್ಷಾತ್ಕಾರ ಅಂದರೆ ಹಾಗಿರಬಹುದು. ನನಗೆ ಗೊತ್ತಿಲ್ಲ, ನಾನು ಮರ ತಬ್ಬುವುದು ಏಣಿ ಜಾರಿದಾಗ ಮಾತ್ರ. ಅವರು ಹೆಂಡತಿ, ಮಗಳನ್ನು ಬಿಟ್ಟು ಹೊರಟದ್ದು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಕಾಞಂಗಾಡಿನ ಆನಂದಾಶ್ರಮಕ್ಕೆ ಹೋದಾಗಲೆಲ್ಲ ಅದೊಂದು ಮುಳ್ಳು ಚುಚ್ಚುತ್ತದೆ. ಆದರೂ ಅಲ್ಲಿಯ ಭಜನೆ ಹಾಲಿನಲ್ಲಿ ಅರ್ಧ ಗಂಟೆ ಕೂತು ಬರ್ತೇನೆ. 1931ರಲ್ಲಿ ಶುರುವಾದ ಜಾಗ, ಅದೇ ನಾಮ ಇನ್ನೂ ನಡೆಯುತ್ತಿದೆ.

ನಮ್ಮ ಅಮ್ಮನದ್ದೂ ಅದೇ ನಾಮ. ಆದರೆ ಅವರ ಜಪ ಕೇಳಿದರೆ ನಗು ಬರುತ್ತದೆ. "ಓಂ ಶ್ರೀರಾಮ ಜಯ ರಾಮ... ಹಟ್ಟಿಯ ಕರು ಬಿಚ್ಚಿಕೊಂಡಿದೆ, ಯಾರಾದರೂ ನೋಡಿ... ಜಯ ಜಯ ರಾಮ." ನಡುವೆ ನಾಯಿಗೆ ಬೈಗುಳ, ಹಾಲು ಉಕ್ಕಿದ್ದಕ್ಕೆ ಸೊಸೆಗೊಂದು ಮಾತು. ಇದೆಂಥ ಜಪ ಅಂತ ನಾನು ತಮಾಷೆ ಮಾಡಿದ್ದುಂಟು.

ಈಗ ಅನಿಸುತ್ತದೆ, ಜಪ ಇರುವುದೇ ಹಾಗೆ. ಭಗವದ್ಗೀತೆಯ 6ನೇ ಅಧ್ಯಾಯದಲ್ಲಿ ಅರ್ಜುನ ದೂರುತ್ತಾನೆ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಅಂತ. ಕೃಷ್ಣ ಅವನನ್ನು ಗದರಿಸುವುದಿಲ್ಲ. ಹೌದು, ಸಂಶಯವೇ ಇಲ್ಲ ಅಂತ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಅಭ್ಯಾಸ, ವೈರಾಗ್ಯ ಅನ್ನುತ್ತಾನೆ. ವೈರಾಗ್ಯ ನನ್ನ ಕೈಲಾಗದು. ಅಭ್ಯಾಸ ಮಾತ್ರ ತೋಟದವನಿಗೆ ಅರ್ಥವಾಗುತ್ತದೆ. ಹೋದ ವರ್ಷ ಬಿಟ್ಟ ಮದ್ದು ಈ ವರ್ಷಕ್ಕೆ ಆಗುವುದಿಲ್ಲ, ಅಲ್ವಾ? ಮಳೆಗೆ ಮೊದಲು ಒಂದು, ಒಂದೂವರೆ ತಿಂಗಳಿಗೆ ಇನ್ನೊಂದು. ತೊಳೆದು ಹೋದರೆ ಮತ್ತೆ. ಶಾಂತಿಯೂ ಹಾಗೇ ತೊಳೆದು ಹೋಗುವ ಸಾಮಾನು. ಒಮ್ಮೆ ಸಿಕ್ಕಿದರೆ ಆಯಿತು ಅನ್ನುವವರನ್ನು ನಾನು ನಂಬುವುದಿಲ್ಲ.

ನಿನ್ನೆ ಉದುರಿದ ಅಡಿಕೆ ಹೆಕ್ಕುತ್ತಾ ಸುಮ್ನೆ ನಾಮ ಹೇಳಿ ನೋಡಿದೆ. ನಾಲ್ಕನೇ ಸಲಕ್ಕೆ ಮನಸ್ಸು ಅಡಿಕೆ ರೇಟಿಗೆ ಹೋಯಿತು. ಎಳೆದು ತಂದೆ. ಏಳನೇ ಸಲಕ್ಕೆ ಮದ್ದು ಬಿಡುವವರಿಗೆ ಬೈಯಬೇಕಾದ ಮಾತೆಲ್ಲ ಸಾಲಾಗಿ ಬಂದು ನಿಂತವು. ಮತ್ತೆ ಎಳೆದು ತಂದೆ. ಅಷ್ಟರಲ್ಲಿ ಅಂಗಳದಿಂದ ಅಮ್ಮ ಕೂಗಿದರು.

"ಆ ಸುಣ್ಣದ ಚೀಲ ಒಳಗಿಟ್ಟೆಯಾ? ಮಳೆ ಬರ್ತಾ ಉಂಟು."

ಇಟ್ಟಿರಲಿಲ್ಲ.