ಆ ಕಡೆಯ ಸೈನಿಕನಿಗೂ ಅದೇ ಕುಂಚ

ಚಿತ್ರದುರ್ಗದ ಕೋಟೆಯ ಕಾಳಗವನ್ನು ಸಣ್ಣ ಗೊಂಬೆಗಳಲ್ಲಿ ತೋರಿಸುವ ಡಯೋರಾಮಾ ಒಂದನ್ನು ನಮ್ಮೂರಿನ ಕೆಲವು ಗೆಳೆಯರು ಭಾನುವಾರಗಳಂದು ಸೇರಿ ಸಿದ್ಧಪಡಿಸುತ್ತಿರುವ ವಿಷಯ ಇಲ್ಲಿ ಹಲವರಿಗೆ ಗೊತ್ತಿದೆ. ಅದರ ಬಗ್ಗೆ ಎರಡು ಸಲಹೆಗಳು ಮತ್ತೆ ಮತ್ತೆ ಬರುತ್ತಿವೆ. ಇಷ್ಟು ಕಷ್ಟಪಡುವ ಬದಲು ಯಾರಾದರೂ ಗುತ್ತಿಗೆದಾರರಿಗೆ ಟೆಂಡರ್ ಮೂಲಕ ಕೊಡಿಸಿದರೆ ನಾಲ್ಕೈದು ತಿಂಗಳಲ್ಲಿ ಮುಗಿದುಹೋಗುತ್ತದೆ ಎಂಬುದು ಮೊದಲನೆಯದು. ಎರಡನೆಯದನ್ನು ನನ್ನ ಹಳೆಯ ಶಿಷ್ಯನೊಬ್ಬ ಮೇಜಿನ ಮೇಲಿನ ಗೊಂಬೆಗಳನ್ನು ನೋಡುತ್ತಾ ನೇರವಾಗಿಯೇ ಹೇಳಿದ: "ಮೇಷ್ಟ್ರೇ, ಹೈದರನ ಕಡೆಯವರಿಗೆಲ್ಲ ಹಸಿರು, ನಮ್ಮವರಿಗೆಲ್ಲ ಕೇಸರಿ ಹಚ್ಚಿಬಿಡಿ, ಜನಕ್ಕೆ ಬೇಗ ಗೊತ್ತಾಗುತ್ತೆ." ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತುಗಳೇ ಆದರೂ ಎರಡನ್ನೂ ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣವೂ ಒಂದೇ ಆಗಿರುವುದರಿಂದ ಅದನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಎಂಥದ್ದೆಂದು ತಿಳಿಯಬೇಕು. ನಮ್ಮ ಗೊಂಬೆಗಳ ಎತ್ತರ 54 ಮಿಲಿಮೀಟರ್, ಅಂದರೆ ನಿಜವಾದ ಆಳಿನ ಮೂವತ್ತೆರಡರಲ್ಲಿ ಒಂದು ಪಾಲು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗರು ಅವುಗಳನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆದು ಕಳುಹಿಸುತ್ತಾರೆ. ಗೊಂಬೆಯ ಮೈಮೇಲೆ ಉಳಿದ ಪದರಗಳ ಗೆರೆಯನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಸೋಡಾ ಬಾಟಲಿಯ ಮುಚ್ಚಳಕ್ಕೆ ಫೆವಿಕ್ವಿಕ್ ಹಾಕಿ ನಿಲ್ಲಿಸಿದರೆ ಕೈಯಲ್ಲಿ ಹಿಡಿದುಕೊಳ್ಳಲು ಅನುಕೂಲ. ಬೂದುಬಣ್ಣದ ಪ್ರೈಮರ್ ಒಣಗಿದ ಮೇಲೆ ಮೊದಲು ಮೈ, ಆಮೇಲೆ ಬಟ್ಟೆ, ಆಮೇಲೆ ಚರ್ಮದ ಪಟ್ಟಿ, ಕೊನೆಗೆ ಕತ್ತಿ ಮತ್ತು ಗುರಾಣಿಯ ಲೋಹ. ನೀರಾಗಿಸಿದ ಕಂದುಬಣ್ಣವನ್ನು ಮೇಲಿನಿಂದ ಬಿಟ್ಟರೆ ಅದು ಕಚ್ಚೆಯ ನೆರಿಗೆಗಳಲ್ಲಿ, ರುಮಾಲಿನ ಸುತ್ತುಗಳ ನಡುವೆ ಇಳಿದು ನಿಂತು ತಾನಾಗಿಯೇ ನೆರಳಾಗುತ್ತದೆ. ಅದು ಒಣಗಿದ ನಂತರ ಕುಂಚದಲ್ಲಿ ಬಣ್ಣವೇ ಇಲ್ಲವೇನೋ ಎನ್ನುವಷ್ಟು ಬಟ್ಟೆಗೆ ಒರೆಸಿಕೊಂಡು, ಉಬ್ಬಿದ ಜಾಗಗಳ ಮೇಲೆ ಮಾತ್ರ ತಿಳಿಬಣ್ಣವನ್ನು ಸವರಬೇಕು. ಕಣ್ಣಿಗೆ ಬಿಳಿಬಣ್ಣ ಎಷ್ಟು ಕಡಿಮೆ ಮುಟ್ಟಿಸಿದರೆ ಅಷ್ಟು ಒಳ್ಳೆಯದು. ಒಂದು ಚುಕ್ಕಿ ಹೆಚ್ಚಾದರೂ ಯುದ್ಧಕ್ಕೆ ನಿಂತವನು ದೆವ್ವ ಕಂಡು ಬೆಚ್ಚಿದವನ ಹಾಗೆ ಕಾಣುತ್ತಾನೆ.

ಮೈಬಣ್ಣದ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅಂಗಡಿಯಲ್ಲಿ ಮೈಬಣ್ಣವೆಂದು ಕೊಡುವ ಟ್ಯೂಬಿನಿಂದ ಹೊರಬರುವುದು ಗುಲಾಬಿ ಬಣ್ಣ. ಆ ಬಣ್ಣದ ಮನುಷ್ಯನನ್ನು ಮೇ ತಿಂಗಳಿನಲ್ಲಿ ಸಂತೇಪೇಟೆಯ ಉದ್ದಕ್ಕೂ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ನಾವು ಬರ್ಂಟ್ ಸಿಯೆನಾ ಎಂಬ ಕೆಂಗಂದು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ ಎರಡನ್ನೂ ಕಲಸಿ, ಒಂದು ತೊಟ್ಟು ನೀಲಿ ಸೇರಿಸಿ, ಅದನ್ನೇ ನಾಲ್ಕು ಬಟ್ಟಲುಗಳಲ್ಲಿ ನಾಲ್ಕು ಹದಕ್ಕೆ ತರುತ್ತೇವೆ. ಎರಡೂ ಪಡೆಗಳ ಸೈನಿಕರಿಗೆ ಇದೇ ನಾಲ್ಕು ಬಟ್ಟಲುಗಳಿಂದ ಬಣ್ಣ ಹೋಗುತ್ತದೆ. ಹಸಿರು ಮತ್ತು ಕೇಸರಿಯ ಸಲಹೆ ನಿಲ್ಲದಿರುವುದು ಇಲ್ಲಿಯೇ.

ಚರಿತ್ರೆಯನ್ನು ನೋಡೋಣ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು, ಕೊನೆಯ ಅರಸ ಮದಕರಿನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಆದರೆ ಅದಕ್ಕೂ ಮುಂಚೆ ಇದೇ ದುರ್ಗದ ಪಡೆ ಹೈದರನ ಜೊತೆಗೂಡಿ ದಂಡಯಾತ್ರೆಗಳಿಗೆ ಹೋಗಿತ್ತು. ದುರ್ಗದ ಸೇವೆಯಲ್ಲಿ ಮುಸಲ್ಮಾನ ಸೈನಿಕರಿದ್ದರು, ಹೈದರನ ಸೇವೆಯಲ್ಲಿ ಲೆಕ್ಕವಿಲ್ಲದಷ್ಟು ಹಿಂದೂ ಸೈನಿಕರಿದ್ದರು. ಕೋಟೆ ಬಿದ್ದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರಲ್ಲಿನ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಪಡೆಗಳಲ್ಲಿ ಸೈನಿಕರನ್ನಾಗಿ ಮಾಡಲಾಯಿತು. ಇದು ಕ್ರೌರ್ಯವೇ, ಅದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ. ಆದರೆ ಗೊಂಬೆಗೆ ಬಣ್ಣ ಹಚ್ಚುವವನ ಪ್ರಶ್ನೆ ಬೇರೆ: ದುರ್ಗದ ಬುರುಜಿನ ಕೆಳಗೆ ಹುಟ್ಟಿ, ಕೆಲವು ವರ್ಷಗಳ ನಂತರ ಹೈದರನ ಮಗನ ಪರವಾಗಿ ಬಂದೂಕು ಹಿಡಿದ ಹುಡುಗನಿಗೆ ನಾನು ಹಸಿರು ಹಚ್ಚಲೇ, ಕೇಸರಿ ಹಚ್ಚಲೇ? ಇಂದಿನ ಬಾವುಟಗಳ ಬಣ್ಣವನ್ನು ಅವತ್ತಿನ ಸೈನಿಕನ ಮೈಮೇಲೆ ಹಾಕಿದರೆ ನೋಡುವವನಿಗೆ ಬೇಗ ಗೊತ್ತಾಗುತ್ತದೆ, ನಿಜ. ಆದರೆ ಬೇಗ ಗೊತ್ತಾಗುವುದು ಸುಳ್ಳು.

ಆ ಕಾಲದ ಸಾಮಾನ್ಯ ಸೈನಿಕನ ಮೈಮೇಲೆ ಇದ್ದಿರಬಹುದಾದದ್ದು ಹೆಚ್ಚಾಗಿ ಬಣ್ಣ ಹಾಕದ ಹತ್ತಿಬಟ್ಟೆ, ನೀಲಿಯಲ್ಲಿ ಅದ್ದಿದ ಬಟ್ಟೆ, ಕುಸುಬೆ ಹೂವಿನ ಕೆಂಪು, ಧೂಳು. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ದುರ್ಗದ ಕಾಲಾಳುವಿನ ಹೆಗಲ ಮೇಲಿನ ಕಂಬಳಿಗಾಗಿ ಅವರು ಚಳ್ಳಕೆರೆಯ ಕಂಬಳಿಯ ಒಂದು ತುಂಡನ್ನೇ ತಂದು ಮೇಜಿನ ಮೇಲೆ ಹರಡಿಕೊಂಡು ಕುಳಿತುಕೊಳ್ಳುತ್ತಾರೆ. ಕಪ್ಪು ಕುರಿಯ ಉಣ್ಣೆ ಬಿಸಿಲಿನಲ್ಲಿ ಕಪ್ಪಾಗಿ ಕಾಣುವುದಿಲ್ಲ, ಅಂಚುಗಳಲ್ಲಿ ಕೆಂಪು ಬೆರೆತ ಕಂದಾಗಿ ಕಾಣುತ್ತದೆ ಎಂಬುದು ಅವರು ತೋರಿಸಿಕೊಟ್ಟ ಮೇಲೆಯೇ ನಮಗೆಲ್ಲ ಕಂಡದ್ದು. ಹೈದರನ ಸೈನಿಕರಿಗೆ ಹುಲಿಪಟ್ಟೆಯ ಅಂಗಿ ತೊಡಿಸಬೇಕೆಂದು ಹುಡುಗರಿಗೆ ಬಹಳ ಆಸೆಯಿತ್ತು. ಆ ಅಂಗಿ ಹೆಸರಾದದ್ದು ಟಿಪ್ಪುವಿನ ಆಳ್ವಿಕೆಯಲ್ಲಿ. 1779ರ ದೃಶ್ಯಕ್ಕೆ ಅದನ್ನು ತರುವುದು ಬೇಡವೆಂದು ತೀರ್ಮಾನಿಸಿದೆವು. ಹಾಗಾದರೆ ಎರಡು ಪಡೆಗಳನ್ನು ಬೇರೆ ಮಾಡಿ ತೋರಿಸುವುದು ಹೇಗೆ? ಒಬ್ಬನು ಬಂಡೆಯ ಮೇಲಿದ್ದಾನೆ, ಇನ್ನೊಬ್ಬನು ಕೆಳಗಿನಿಂದ ಹತ್ತುತ್ತಿದ್ದಾನೆ. ಅಷ್ಟು ಸಾಕು.

ಗೊಂಬೆಗಳ ಲೆಕ್ಕದ ಹಿಂದೆ ರಾಜಕೀಯ ಇರುವುದು ಹೊಸದಲ್ಲ. ಬ್ರಿಟಿಷ್ ಸೈನ್ಯದ ಅಧಿಕಾರಿ ವಿಲಿಯಂ ಸೈಬೋರ್ನ್ 1830ರಲ್ಲಿ, ಬ್ರಿಟಿಷರು ಜರ್ಮನ್ ನಾಡಾದ ಪ್ರಷ್ಯದವರ ಜೊತೆಗೂಡಿ ನೆಪೋಲಿಯನ್ನನನ್ನು ಸೋಲಿಸಿದ ವಾಟರ್‌ಲೂ ಯುದ್ಧದ ಮಾದರಿಯನ್ನು ಮಾಡಲು ಹೊರಟ. ರಣರಂಗದ ತೋಟದ ಮನೆಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ನೆಲವನ್ನು ಅಳೆದ. ಬದುಕುಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು, 1815ರ ಜೂನ್ 18ರ ಸಂಜೆ ಏಳು ಗಂಟೆಗೆ ನಿಮ್ಮ ತುಕಡಿ ಎಲ್ಲಿತ್ತು ಎಂದು ಕೇಳಿದ. ಮೈಲಿಗೆ ಒಂಬತ್ತು ಅಡಿಯ ಅಳತೆಯಲ್ಲಿ, ನಾನೂರು ಚದರ ಅಡಿಗಿಂತಲೂ ದೊಡ್ಡದಾದ ಆ ಮಾದರಿಯಲ್ಲಿ ಹತ್ತಾರು ಸಾವಿರ ಸೀಸದ ಸೈನಿಕರಿದ್ದರು. ನಡುವೆ ಸರ್ಕಾರ ಹಣ ನಿಲ್ಲಿಸಿತು, ಸೈಬೋರ್ನ್ ಸಾಲಗಾರನಾದ, 1838ರಲ್ಲಿ ಕೆಲಸ ಮುಗಿದು ಲಂಡನ್ನಿನಲ್ಲಿ ಪ್ರದರ್ಶನವೂ ಆಯಿತು. ಆದರೆ ಗೆಲುವಿನಲ್ಲಿ ಪ್ರಷ್ಯನ್ನರ ಪಾಲು ಇಷ್ಟು ದೊಡ್ಡದಾಗಿ ಕಾಣುವುದು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನಿಗೆ ಹಿಡಿಸಲಿಲ್ಲ. ಕೊನೆಗೆ ಪ್ರಷ್ಯನ್ ಗೊಂಬೆಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಮಾದರಿಯಿಂದ ಕಿತ್ತುಹಾಕಲಾಯಿತು. ಅದು ಈಗಲೂ ಲಂಡನ್ನಿನ ಸೈನ್ಯ ವಸ್ತುಸಂಗ್ರಹಾಲಯದಲ್ಲಿದೆ. ಹಣ ಕೊಡುವವರಿಗೂ ಕೀರ್ತಿ ಬೇಕಾದವರಿಗೂ ಗೊಂಬೆಗಳನ್ನು ಕೀಳುವ ಅಧಿಕಾರ ಬಂದುಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಟೆಂಡರಿನ ಬಗ್ಗೆ ನನಗಿರುವ ಭಯವೂ ಇದೇ.

ನ್ಯೂಜಿಲೆಂಡಿನಲ್ಲಿ ಮೊದಲ ಮಹಾಯುದ್ಧದ ಶತಮಾನೋತ್ಸವದ ಹೊತ್ತಿಗೆ ಬೇರೆ ದಾರಿ ಹಿಡಿದರು. ತುರ್ಕಿಯ ಗಲಿಪೊಲಿಯಲ್ಲಿರುವ ಚುನುಕ್ ಬೈರ್ ಎಂಬ ಗುಡ್ಡದ ಮೇಲೆ 1915ರ ಆಗಸ್ಟ್ 8ರಂದು ನಡೆದ ಕಾಳಗವನ್ನು, ಸುಮಾರು 5,000 ಗೊಂಬೆಗಳ ಡಯೋರಾಮಾ ಆಗಿ ಮಾಡಿದರು. ಗೊಂಬೆಗಳನ್ನು ಕೆತ್ತಿದವರು ಇಂಗ್ಲೆಂಡಿನ ಅವಳಿ ಸಹೋದರರಾದ ಪೆರ್ರಿಗಳು, ಬೆನ್ನಿಗೆ ನಿಂತವರು ಚಲನಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್. ಬಣ್ಣ ಹಚ್ಚಿದವರು ಮಾತ್ರ ದೇಶದ ಬೇರೆ ಬೇರೆ ಊರುಗಳ ಹವ್ಯಾಸಿಗಳು. ನಮ್ಮ ಗೊಂಬೆಗಳ ಎತ್ತರವನ್ನು 54 ಮಿಲಿಮೀಟರಿಗೆ ನಿಗದಿ ಮಾಡಿದ್ದಕ್ಕೆ ಆ ಡಯೋರಾಮಾದ ಗೊಂಬೆಗಳೇ ಮಾದರಿ. ಅಲ್ಲಿ ಗುಡ್ಡ ಹತ್ತಿದ ನ್ಯೂಜಿಲೆಂಡಿನವರಿಗೂ, ಅವರನ್ನು ಕೆಳಗಿಳಿಸಲು ಬಂದ ತುರ್ಕಿಯವರಿಗೂ ಬಣ್ಣ ಬಿದ್ದದ್ದು ಅದೇ ಮನೆಗಳ ಅಡುಗೆಮನೆಯ ಮೇಜುಗಳ ಮೇಲೆ. ಯಾರದೋ ಮುತ್ತಜ್ಜನನ್ನು ಕೊಂದಿರಬಹುದಾದ ಸೈನಿಕನ ಟೋಪಿಯ ಅಂಚಿಗೆ ಯಾರದೋ ಮೊಮ್ಮಗ ನೆರಳು ಕೊಡುತ್ತಾ ಕುಳಿತಿರುವುದನ್ನು ಕೂಲಿ ಕೊಟ್ಟು ಮಾಡಿಸಲು ಆಗುವುದಿಲ್ಲ.

ಇಂಥ ಕೆಲಸ ನಮ್ಮ ನಾಡಿಗೆ ಹೊರಗಿನದೆಂದು ಯಾರೂ ಭಾವಿಸಬಾರದು. ನಮ್ಮ ವೀರಗಲ್ಲುಗಳು ಮಾಡಿದ್ದು ಮತ್ತೇನು? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸಾನ್ನಿಧ್ಯ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಆನೆ, ಕುದುರೆ, ಬಿದ್ದವರು, ಬೀಳುತ್ತಿರುವವರು ಎಲ್ಲರಿಗೂ ಜಾಗವಿದೆ. ಕೆತ್ತಿದ ಶಿಲ್ಪಿ ಎದುರು ಪಕ್ಷದವನ ಕಾಲಿನ ಮಾಂಸಖಂಡಕ್ಕೆ ಉಳಿ ತಾಗಿಸುವಾಗ ಕೈ ಬಿಗಿ ಹಿಡಿದಿಲ್ಲ.

ಅಳತೆಯ ಒಂದು ಮಾತನ್ನೂ ಹೇಳಬೇಕು, ಏಕೆಂದರೆ ಏಳುಸುತ್ತಿನ ಕೋಟೆಯನ್ನು ಪೂರ್ತಿ ಏಕೆ ಮಾಡುತ್ತಿಲ್ಲವೆಂದು ಕೇಳುತ್ತಿದ್ದಾರೆ. ಕೋಟೆಯ ವಿಸ್ತಾರ 1500 ಎಕರೆಯೆಂದು ಹೇಳುವುದು ವಾಡಿಕೆ. ಗೊಂಬೆಗಳ ಅಳತೆಯಲ್ಲಿಯೇ ಅದನ್ನು ಇಳಿಸಿದರೂ ಸುಮಾರು ಒಂದೂವರೆ ಎಕರೆ ಬೇಕಾಗುತ್ತದೆ! ಹಾಗಾಗಿ ಒಂದು ಬಾಗಿಲು, ಅದರ ಮುಂದಿನ ತಿರುವು, ಎರಡು ಬುರುಜು, ಬಂಡೆಗಳ ನಡುವಿನ ಒಂದು ಕಿಂಡಿ, ಅಷ್ಟೇ. ಬಂಡೆಗಳಿಗೆ ಥರ್ಮಾಕೋಲನ್ನು ಕೊರೆದು ಮೇಲೆ ಪ್ಲಾಸ್ಟರ್ ಹಚ್ಚುತ್ತಿದ್ದೇವೆ. ಸೀತಾಫಲದ ಪೊದೆಗಳಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರೇ ಸಾಕಾಗಿದೆ.

ಕಿಂಡಿ ಎಂದ ಮೇಲೆ ಓಬವ್ವನ ಮಾತು ಬಂದೇ ಬರುತ್ತದೆ. ಅವಳ ಗೊಂಬೆಯನ್ನು ಎರಡು ಪಟ್ಟು ದೊಡ್ಡದಾಗಿ ಮಾಡಿ ನಡುವೆ ನಿಲ್ಲಿಸಬೇಕು ಎಂದವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಅವಳಿಗೆ ಮಾಡುವ ಅನ್ಯಾಯ. ಅವಳು ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದವಳು, ಕೈಗೆ ಸಿಕ್ಕಿದ್ದು ಒನಕೆ. ನಮ್ಮ ಜನ ಹೇಳಿಕೊಂಡು ಬಂದ ಕಥೆಯ ಬಲವೆಲ್ಲ ಇರುವುದು ಅವಳು ಉಳಿದವರಷ್ಟೇ ಎತ್ತರದವಳು ಎಂಬುದರಲ್ಲಿ. ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆ ತೂರಿಸಿದ ಸೈನಿಕರನ್ನೂ ಮುಖವಿಲ್ಲದ ಗುಪ್ಪೆಯಾಗಿ ಮಾಡಿದರೆ, ಆಕೆ ಎಂಥ ಕೆಲಸ ಮಾಡಿದಳೆಂಬುದು ನೋಡುವವರಿಗೆ ಹೇಗೆ ತಿಳಿದೀತು? ಅವಳೂ 54 ಮಿಲಿಮೀಟರೇ ಇರುತ್ತಾಳೆ, ಸೀರೆಯ ಕಚ್ಚೆಯ ನೆರಿಗೆಗೂ ಅದೇ ಕಂದುಬಣ್ಣದ ನೀರು ಇಳಿಯುತ್ತದೆ.

ಟೆಂಡರಿನಿಂದ ಬರುವ ಮಾದರಿ ಹೇಗಿರುತ್ತದೆಂದು ಹಲವು ಊರುಗಳಲ್ಲಿ ನೋಡಿದ್ದೇನೆ. ಒಂದೇ ಅಚ್ಚಿನ ಸೈನಿಕರು ಸಾಲಾಗಿ ನಿಂತಿರುತ್ತಾರೆ, ಎಲ್ಲರಿಗೂ ಗುಲಾಬಿ ಮುಖ, ಹೊಳೆಯುವ ಎನಾಮಲ್ ಬಣ್ಣ, ರಾಜನಿಗೆ ಮಾತ್ರ ಮೀಸೆ. ತಪ್ಪು ಕೆಲಸಗಾರರದಲ್ಲ, ಒಂದು ಗೊಂಬೆಗೆ ಅವರಿಗೆ ಸಿಗುವ ಕಾಸಿನಲ್ಲಿ ಅಷ್ಟೇ ಸಾಧ್ಯ. ನಮ್ಮಲ್ಲಿ ಬೋರ್ಡ್ ಬರೆಯುವವರು, ಗಣಪತಿ ಮಾಡುವ ಮನೆತನದವರು, ಡಿಗ್ರಿ ಓದುವ ಹುಡುಗಿಯರು ಒಂದು ಸೈನಿಕನ ಮುಂದೆ ಒಂದು ಮಧ್ಯಾಹ್ನವನ್ನೇ ಕಳೆಯುತ್ತಾರೆ. ಅಷ್ಟು ಹೊತ್ತು ಒಂದು ಮುಖವನ್ನು ಕೈಯಲ್ಲಿ ಹಿಡಿದು ನೋಡಿದವರು ಆಮೇಲೆ ಆ ಯುದ್ಧದ ಬಗ್ಗೆ ಮಾತನಾಡುವ ರೀತಿಯೇ ಬದಲಾಗಿರುವುದನ್ನು ನಾನು ಕಂಡಿದ್ದೇನೆ. ಹಸಿರು–ಕೇಸರಿಯ ಸಲಹೆ ಕೊಟ್ಟ ಶಿಷ್ಯ ಕೂಡ ಈಗ ವಾರವಾರ ಬರುತ್ತಾನೆ. ಮೊನ್ನೆ ಹೈದರನ ಕಡೆಯ ಮುದುಕ ಸೈನಿಕನೊಬ್ಬನ ಗಡ್ಡಕ್ಕೆ ನರೆ ಎಷ್ಟಿರಬೇಕೆಂದು ಪಕ್ಕದವರ ಜೊತೆ ಜಗಳವಾಡುತ್ತಿದ್ದ.

ಕುದುರೆಗಳಿಗೆ ಇನ್ನೂ ಯಾರೂ ಕೈ ಹಾಕಿಲ್ಲ, ಏಣಿ ಹತ್ತುವವರ ಗುಂಪು ಅರ್ಧಕ್ಕೆ ನಿಂತಿದೆ, ಆದ್ದರಿಂದ ಕೈಗಳು ಬೇಕು. ಬರುವವರು ಸೊನ್ನೆ ನಂಬರಿನ ಒಂದು ಕುಂಚ, ಓದುವ ಕನ್ನಡಕ ತಂದರೆ ಸಾಕು, ಬಣ್ಣ ನಮ್ಮಲ್ಲಿದೆ. ಒಂದೇ ಷರತ್ತು: ಮೊದಲನೆಯ ಗೊಂಬೆ ಆ ಕಡೆಯದು, ಎರಡನೆಯದು ಈ ಕಡೆಯದು, ಓಬವ್ವ ಮತ್ತು ಮದಕರಿನಾಯಕರ ಸರದಿ ಎಲ್ಲರಿಗಿಂತ ಕೊನೆಗೆ.