ಸೇವ್ ಮಾಡಿದ ಎಕ್ಸೆಲ್ ಫೈಲ್ ಎಲ್ಲಿದೆ?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಅಡತಿ ಅಂಗಡಿಗಳಿಂದ ಹಿಡಿದು ಧಾರವಾಡದ ತೆರಿಗೆ ಸಲಹೆಗಾರರ ಕಚೇರಿಗಳವರೆಗೆ ಲೆಕ್ಕಪತ್ರವೆಲ್ಲ ಎಕ್ಸೆಲ್‌ಗೆ ಬಂದಿದೆ. ಆದರೂ ತಿಂಗಳ 11ನೇ ತಾರೀಖು, ಜಿಎಸ್‌ಟಿಆರ್-1 (ತಿಂಗಳ ಮಾರಾಟದ ಜಿಎಸ್‌ಟಿ ವಿವರ) ಸಲ್ಲಿಸುವ ಕೊನೆಯ ದಿನ ಬಂತೆಂದರೆ, 'ನಿನ್ನೆ ಸೇವ್ ಮಾಡಿದ ಫೈಲ್ ಸಿಗುತ್ತಿಲ್ಲ' ಎಂಬ ಗೋಳು ಕೇಳುತ್ತಲೇ ಇರುತ್ತದೆ. ಇದಕ್ಕೆ ಕೆಲಸದ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕಂಪ್ಯೂಟರ್ ತರಗತಿಗಳಲ್ಲಿ ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕಿಕೊಡುವ ವಿ-ಲುಕಪ್ ಸೂತ್ರವನ್ನು ಬಾಯಿಪಾಠ ಮಾಡಿಸುವವರು ಫೋಲ್ಡರ್‌ನ ವಿಳಾಸ ಓದುವುದನ್ನು ಕಲಿಸುವುದಿಲ್ಲ ಎಂಬುದೇ ನನ್ನ ತಕರಾರು.

ಫೈಲ್ ತೆರೆದೇ ಇದ್ದರೆ ಹುಡುಕಾಟವೇ ಬೇಕಿಲ್ಲ. ಎಫ್12 ಒತ್ತಿದರೆ ಸೇವ್ ಆ್ಯಸ್ ಕಿಟಕಿ ಬರುತ್ತದೆ; ಅದರ ಮೇಲ್ಭಾಗದಲ್ಲಿರುವ ಫೋಲ್ಡರ್ ನೋಡಿಕೊಂಡು ಕ್ಯಾನ್ಸಲ್ ಮಾಡಿದರಾಯಿತು. ಫೈಲ್ ಮೆನುವಿನ ಇನ್ಫೋ ಪುಟದಲ್ಲಿಯೂ ವಿಳಾಸವಿರುತ್ತದೆ. ಮುಚ್ಚಿದ ಫೈಲ್ ಆದರೆ ಓಪನ್ ಪುಟದ ರೀಸೆಂಟ್ ಪಟ್ಟಿಯನ್ನು ಮೊದಲು ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನಕ್ಷತ್ರ ಚಿಹ್ನೆ, ಚುಕ್ಕೆ, ಎಕ್ಸ್‌ಎಲ್‌ಎಸ್‌ಎಕ್ಸ್ (*.xlsx) ಎಂದು ಕೊಟ್ಟು ಹುಡುಕಬಹುದು. 2007ಕ್ಕಿಂತ ಹಿಂದಿನ ಎಕ್ಸೆಲ್‌ನಲ್ಲಿ ಮಾಡಿದ ಹಳೆಯ ಖಾತೆಗಳಿಗೆ ಮಾತ್ರ ಎಕ್ಸ್‌ಎಲ್‌ಎಸ್ ಎಂಬಷ್ಟೇ ಬಾಲವಿರುತ್ತದೆ.

ನಿಜವಾದ ತೊಡಕು ಬೇರೆ ಎರಡು ಕಡೆ ಇದೆ. ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ದರಪಟ್ಟಿಯನ್ನು ಜಿಪ್ ಮಾಡಿ ಕಳಿಸಿದ್ದಾರೆಂದುಕೊಳ್ಳಿ. ಅದನ್ನು ಬಿಚ್ಚದೆ ಒಳಗಿನಿಂದಲೇ ಫೈಲ್ ತೆರೆದರೆ ವಿಂಡೋಸ್ ಅದರ ಒಂದು ಪ್ರತಿಯನ್ನು ತಾತ್ಕಾಲಿಕ ಫೋಲ್ಡರ್‌ನಲ್ಲಿ ಇಡುತ್ತದೆ. ನೀವು ಮಾಡಿದ ತಿದ್ದುಪಡಿ ಆ ಪ್ರತಿಯಲ್ಲಿ ಉಳಿದರೆ, ಮೂಲ ಜಿಪ್ ಇದ್ದ ಹಾಗೆಯೇ ಇರುತ್ತದೆ. ಇ-ಮೇಲ್ ಲಗತ್ತನ್ನು ನೇರವಾಗಿ ತೆರೆದು ತಿದ್ದುವುದೂ ಇಂಥದೇ ಅಪಾಯ. ಆದ್ದರಿಂದ ಮೊದಲು ನಿಮ್ಮ ಫೋಲ್ಡರ್‌ಗೆ ಇಳಿಸಿಕೊಳ್ಳಿ, ತಿದ್ದುವುದು ಆಮೇಲೆ. ಎರಡನೆಯದು ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್. ಅದರ ಬ್ಯಾಕಪ್ ಚಾಲೂ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳೇ ಒನ್‌ಡ್ರೈವ್‌ನೊಳಗೆ ಸೇರಿರುತ್ತವೆ, ನಾವು ಸಿ ಡ್ರೈವ್‌ನ ಹಳೆಯ ಜಾಗದಲ್ಲಿ ತಡಕಾಡುತ್ತಿರುತ್ತೇವೆ. ಹಾರ್ಡ್‌ಡಿಸ್ಕ್ ಕೆಟ್ಟ ದಿನ ಈ ವ್ಯವಸ್ಥೆ ಕೈಹಿಡಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ಚಾಲೂ ಮಾಡಿಕೊಟ್ಟವರು ಅಂಗಡಿಯವರಿಗೆ ಒಂದು ಮಾತು ಹೇಳಿ ಹೋಗಬೇಕಲ್ಲವೇ?

ಸೇವ್ ಮಾಡದೆಯೇ ಮುಚ್ಚಿಬಿಟ್ಟ ಹೊಸ ಫೈಲ್ ಕೂಡ ಕೆಲವೊಮ್ಮೆ ಮರಳಿ ಸಿಗುತ್ತದೆ: ಇನ್ಫೋ ಪುಟದ ಮ್ಯಾನೇಜ್ ವರ್ಕ್‌ಬುಕ್‌ನಲ್ಲಿ 'ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್' ಒತ್ತಿ ನೋಡಿ. ಎಕ್ಸೆಲ್ ತಾನಾಗಿ ಪ್ರತಿ ಇಟ್ಟುಕೊಳ್ಳುವ ಅವಧಿ ಸಾಮಾನ್ಯವಾಗಿ 10 ನಿಮಿಷ. ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ ಅದನ್ನು 5ಕ್ಕೆ ಇಳಿಸಿ, ಅಲ್ಲಿಯೇ ಕೆಳಗಿರುವ ಡೀಫಾಲ್ಟ್ ಲೋಕಲ್ ಫೈಲ್ ಲೊಕೇಶನ್‌ನಲ್ಲಿ ನಿಮ್ಮ ಲೆಕ್ಕದ ಫೋಲ್ಡರ್‌ನ ವಿಳಾಸವನ್ನು ಬರೆದಿಡಿ.